ಕುಲಪತಿಯನ್ನು ಹುಡುಕಲು ಹೊರಟ ಸುಜಾತಾ ಮೇಡಂ

ಎಲ್ಲಿಂದ ಶುರು ಮಾಡಲಿ? ರಾಯಚೂರಿನ ಬಿಸಿಲಿನಿಂದ ಅಂತೀರಾ? ಅದನ್ನು ಎಲ್ಲರೂ ಬರೆದು ಮುಗಿಸಿದ್ದಾರೆ. ಹೊಡೆದು ಹಾಕಿದೆ.

೧. (ಎರಡನೇ ಡ್ರಾಫ್ಟು)

ರಾಯಚೂರಿನ ಒಂದು ವಿಶ್ವವಿದ್ಯಾಲಯಕ್ಕೆ ಕುಲಪತಿಯನ್ನು ಹುಡುಕುವ ಸಮಿತಿಗೆ ಪ್ರೊಫೆಸರ್ ಸುಜಾತಾ ಅಧ್ಯಕ್ಷೆಯಾದರು. (ವಿಶ್ವವಿದ್ಯಾಲಯ ನನ್ನ ಕಲ್ಪನೆಯದು, ನೋಟಿಸು ಕಳಿಸಬೇಡಿ.) ಅವರ ತಾಲ್ಲೂಕು ದೇವದುರ್ಗದಲ್ಲಿ ಸನ್ಮಾನ ಆಯಿತು. ಶಾಲು, ಹಾರ, ಫ್ಲೆಕ್ಸು. ಮಸರಕಲ್ಲಿನಲ್ಲಿ ಹತ್ತಿ ಬಿಡಿಸಿ ಮಗಳನ್ನು ಓದಿಸಿದ ಅವರ ಅವ್ವ ವೆಂಕಮ್ಮ ಮುಂದಿನ ಸಾಲಿನಿಂದಲೇ ಕೇಳಿದಳು: "ಯವ್ವಾ, ಆ ದೊಡ್ಡ ಕುರ್ಚಿ ನಿನಗ ಯಾವಾಗ ಕೊಡ್ತಾರ?"

ಸುಜಾತಾ ನಕ್ಕರು. ನಗು ಅರ್ಧಕ್ಕೇ ನಿಂತಿತು.

೨.

ಮೊದಲ ಮೀಟಿಂಗು. ಸಮಿತಿಯ ಸದಸ್ಯ, ಮಾನ್ವಿಯ ಮಹಮ್ಮದ್ ಹುಸೇನ್ ಸಾಹೇಬರು ಮಿರ್ಚಿ ಭಜಿ ಮುರಿಯುತ್ತ ಗುಟ್ಟು ಬಿಟ್ಟುಕೊಟ್ಟರು: "ನೀವು ಅರ್ಜಿ ಹಾಕಿದ್ರ ಉಳಿದವರಿಗೆ ತ್ರಾಸ ಆಗ್ತಿತ್ರಿ ಮೇಡಂ. ಅದಕ್ಕ ನಿಮ್ಮನ್ನ ಅಧ್ಯಕ್ಷರು ಮಾಡ್ಯಾರ. ಹುಡುಕೋರು ಅರ್ಜಿ ಹಾಕಂಗಿಲ್ಲಲ್ರಿ!"

ಸುಜಾತಾ ಭಜಿಯ ತಟ್ಟೆ ಪಕ್ಕಕ್ಕೆ ಸರಿಸಿದರು. ಆ ಕುರ್ಚಿಯ ಮೇಲೆ ಅವರಿಗೆ ಬಹಳ ವರ್ಷಗಳ ಆಸೆ. ಚೆನ್ನಾಗಿ ನಡೆಸಬಲ್ಲೆ ಎಂಬ ಧೈರ್ಯವೂ ಇತ್ತು. ಆದರೆ ಅಧ್ಯಕ್ಷತೆ ಎಂದ ಕೂಡಲೇ ಖುಷಿಯಲ್ಲಿ ಹಿಂದೆಮುಂದೆ ನೋಡದೆ ಒಪ್ಪಿಬಿಟ್ಟಿದ್ದರು. ಅರ್ಜಿಯ ಕೊನೆಯ ದಿನ ನಿನ್ನೆ ಮುಗಿದಿತ್ತು.

೩. (ಒಂದು ಅಂತ್ಯ)

ಮೂರು ಯೋಗ್ಯ ಹೆಸರು ಬರೆದು, ಲಕೋಟೆಗೆ ಸೀಲು ಒತ್ತಿ, ಸುಜಾತಾ ತ್ಯಾಗಮಯಿಯಾಗಿ ಬಸ್ಸು ಹತ್ತಿದರು.

"ಥೂ, ಮೊದಲು ಬಸ್ಸಿನಿಂದ ಇಳಸ್ರಿ ನನ್ನ!" ಎಂದರು ಸುಜಾತಾ, ನೇರ ನನಗೇ.

"ಮೇಡಂ, ನೀವು ಕಥೆಯ ನಾಯಕಿ. ತ್ಯಾಗ ನಿಮಗೆ ಒಪ್ಪುತ್ತದೆ."

"ಅವರು ಅಧ್ಯಕ್ಷಿ ಮಾಡಿದ್ರು, ನೀವು ನಾಯಕಿ ಮಾಡೀರಿ. ಕುರ್ಚಿ ಮಾತ್ರ ಇಬ್ಬರೂ ಕೊಡವಲ್ರಿ. ಕೊನಿ ದಿನ ನಿಮ್ಮ ಕೈಯಾಗ ಅದ, ಮುಂದಕ್ಕ ಹಾಕ್ರಿ."

(ನಾಚಿಕೆಯಾಯಿತು. ಓದುಗರೇ, ದಯವಿಟ್ಟು ಮೇಲೆ ಹೋಗಿ 'ನಿನ್ನೆ ಮುಗಿದಿತ್ತು' ಎಂಬಲ್ಲಿ 'ನಾಳೆ ಮುಗಿಯಲಿತ್ತು' ಎಂದು ಓದಿಕೊಳ್ಳಿ.)

೪.

ಸುಜಾತಾ ರಾಜೀನಾಮೆ ಬಿಸಾಕಿ ಅರ್ಜಿ ಹಾಕಿದರು. (ಹೀಗೆ ಮಾಡಲು ನಿಯಮ ಇದೆಯೇ? ಈ ಕಥೆಯಲ್ಲಿ ಇದೆ.) ಸಂದರ್ಶನದ ದಿನ ಬಂತು. ಈಗ ಅಧ್ಯಕ್ಷರಾಗಿದ್ದ ಹುಸೇನ್ ಸಾಹೇಬರು ಗಂಟಲು ಸರಿಮಾಡಿಕೊಂಡು ಕೇಳಿದರು: "ಈ ಹುದ್ದಿ ನಿಮಗ್ಯಾಕ ಬೇಕ್ರಿ, ಮೇಡಂ?"

ಇಲ್ಲಿಗೆ ನಿಲ್ಲಿಸುತ್ತೇನೆ. ಆಯ್ಕೆ ಆದರೋ ಇಲ್ಲವೋ, ನನ್ನನ್ನು ಕೇಳಬೇಡಿ. ಒಂದು ಅಂತ್ಯ ಬರೆದು ಬೈಸಿಕೊಂಡದ್ದು ಸಾಕು.

"ನಿಲ್ಲಸಬ್ಯಾಡ್ರಿ," ಎಂದು ಸುಜಾತಾ ನನ್ನನ್ನು ಗದರಿ, ಸಾಹೇಬರ ಕಡೆ ತಿರುಗಿದರು. "ನನಗಿಂತ ಮೊದಲು ಬಂದೋರಿಗೂ ಇದನ್ನ ಕೇಳೀರೇನ್ರಿ?"

ಸಾಹೇಬರು ಅತ್ತಿತ್ತ ನೋಡಿದರು.

"ಬೇಕು ಅಂತ ಬೇಕ್ರಿ," ಎಂದರು ಸುಜಾತಾ. "ಮುಂದಿನ ಪ್ರಶ್ನಿ ಕೇಳ್ರಿ."