ಮೇಸ್ತ್ರಿಯ ಕೊರಳಿನ ಬೀಗದ ಕೈ

"ಲೇ ಬೇವರ್ಸಿ, ಮುಟ್ಟಬೇಡ ಅದನ್ನ! ನಿಮ್ಮಪ್ಪಂದೇನೋ ಮಿಷನ್ನು?"

ಮೇಸ್ತ್ರಿ ಕೂಗಿದ್ದು ನನಗೆ. ಬೆವರು ಒರೆಸಿಕೊಳ್ಳಲು ಎತ್ತಿದ ಕೈ ಕಂಬದಲ್ಲಿ ಮಿಷನ್ ನಿಲ್ಲಿಸುವ ಕೆಂಪು ಗುಂಡಿಯ ಹತ್ತಿರ ಹಾದುಹೋಗಿತ್ತು, ಅಷ್ಟೆ.

ಆಸ್ಪತ್ರೆಯ ಹೊದಿಕೆಗಳನ್ನು ಒಗೆದು ಇಸ್ತ್ರಿ ಮಾಡುವ ಲಾಂಡ್ರಿ ನಮ್ಮದು. ನಮ್ಮದು ಅಂದರೆ ಬೆವರು ನಮ್ಮದು. ಲಾಂಡ್ರಿ ಮಾಳಿಗೆಯ ಮೇಲೆ ಕೂರುವ ಸಾಹೇಬರದು. ಕಾದ ಉರುಳೆಗಳೆರಡು ಒಂದಕ್ಕೊಂದು ಒತ್ತಿಕೊಂಡು ತಿರುಗುತ್ತವೆ. ಈಚೆಯಿಂದ ನನ್ನ ಅಕ್ಕ ಒದ್ದೆ ಹೊದಿಕೆ ತಿನ್ನಿಸುತ್ತಾಳೆ, ಆಚೆಯಿಂದ ಗರಿಗರಿಯಾಗಿ ಬಂದದ್ದನ್ನು ನಾನು ಮಡಚುತ್ತೇನೆ.

"ಇದಕ್ಕೆ ತಿನ್ನಿಸಿದಷ್ಟು ನಿಂಗೆ ತಿನ್ನಿಸಿದ್ರೆ ನೀನೂ ಒಬ್ಬ ಮನುಷ್ಯ ಆಗ್ತಿದ್ದೆ ಕಣೋ," ಎನ್ನುತ್ತಿದ್ದಳು.

ಮೇಸ್ತ್ರಿಯ ಕೊರಳಲ್ಲಿ ದಾರಕ್ಕೆ ಕಟ್ಟಿದ ಒಂದು ಬೀಗದ ಕೈ. ಬಟ್ಟೆ ಸಿಕ್ಕಿಕೊಂಡಾಗ ಅವನು ಮದುಮಗನ ಹಾಗೆ ನಿಧಾನವಾಗಿ ಬಂದು, ಗುಂಡಿಯ ಕೆಳಗಿನ ತೂತಿಗೆ ಅದನ್ನಿಟ್ಟು ತಿರುಗಿಸಿ, ಆಮೇಲೆ ಕೆಂಪನ್ನು ಒತ್ತುತ್ತಿದ್ದ. ಕೀ ತಿರುಗಿಸದೆ ಒತ್ತಿದರೆ ಉರುಳೆಗೆ ಹಬೆ ಕೊಡುವ ಬಾಯ್ಲರ್ ಸಿಡಿಯುತ್ತದೆಂದು ಅವನೇ ಹೇಳಿದ್ದ. ನಾವು ನಂಬಿದ್ದೆವು. ಬಾಯ್ಲರನ್ನೇ ಹಿಡಿತದಲ್ಲಿಟ್ಟವನಿಗೆ ನಮ್ಮ ಅನ್ನ ಯಾವ ಲೆಕ್ಕ? ಉಚ್ಚೆ ಬಂದರೂ ತಡೆದುಕೊಂಡು ದುಡಿದೆವು. ನಮ್ಮ ನಿಷ್ಠೆ ಮೆಚ್ಚಿ ಸಾಹೇಬರು ಗೋಡೆಗೊಂದು ಪ್ರಶಸ್ತಿ ತೂಗುಹಾಕಿಸಿದರು. ಅದರಲ್ಲಿ ಹೆಸರಿದ್ದದ್ದು ಮೇಸ್ತ್ರಿಯದು.

ಉರುಳೆಯ ಮುಂದೆ ಕೈ ಒಳಹೋಗದಂತೆ ಒಂದು ತಡೆಪಟ್ಟಿ ಇತ್ತು. ಕೆಲಸ ನಿಧಾನವಾಗುತ್ತದೆಂದು ಮೇಸ್ತ್ರಿ ಅದನ್ನು ಬಿಚ್ಚಿಸಿದ್ದ.

"ಮೇಸ್ತ್ರಿಗಳೇ, ಬಟ್ಟೆ ಜೊತೆ ಕೈನೂ ಎಳೀತಾ ಇದೆ," ಎಂದಳು ಅಕ್ಕ ಅವತ್ತು. "ಪಟ್ಟಿ ಹಾಕಿಸಿಬಿಡಿ."

"ನಿಂದೇನು ಮಹಾರಾಣಿ ಕೈಯಾ? ಆಗಲ್ಲ ಅಂದ್ರೆ ಹೋಗು. ಗೇಟಿನ ಹತ್ರ ಎಷ್ಟು ಜನ ನಿಂತವ್ರೆ, ನೋಡು."

ಅಕ್ಕ ಗೇಟಿನ ಕಡೆ ನೋಡಲಿಲ್ಲ. ಮುಂದಿನ ಹೊದಿಕೆ ಎತ್ತಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಒಂದು ಹೊದಿಕೆ ಅರ್ಧಕ್ಕೇ ನಿಂತಿತು. ಅದರ ಹಿಂದೆಯೇ ಅಕ್ಕನ ಕೂಗು. ಎಲ್ಲರೂ "ಮೇಸ್ತ್ರೀ!" ಎಂದು ಅರಚಿದೆವು. ಅವನು ಓಡಿಬಂದ, ಅವನು ಓಡಿದ್ದನ್ನು ನಾವು ಕಂಡದ್ದೇ ಆಗ. ಕೀ ತೂತಿಗೆ ಹೋಗದೆ ಲೋಹದ ಮೇಲೆ ಕಟಕಟನೆ ಬಡಿಯುತ್ತಿತ್ತು. ಅಕ್ಕನ ಬೆರಳುಗಳು ಆಗಲೇ ಒಳಗಿದ್ದವು. ನಾನು ಅವನನ್ನು ತಳ್ಳಿ ಗುಂಡಿ ಗುದ್ದಿದೆ.

ಮಿಷನ್ ನಿಂತಿತು. ಬಾಯ್ಲರ್ ತನ್ನ ಪಾಡಿಗೆ ತಾನು ಕುದಿಯುತ್ತಿತ್ತು.

ಮೇಸ್ತ್ರಿ ನನ್ನತ್ತ ತಿರುಗಿದ. "ಯಾರನ್ನ ಕೇಳಿ ನಿಲ್ಲಿಸ್ದೆ?"

ಹೊದಿಕೆ ತರುವ ವ್ಯಾನಿನಲ್ಲೇ ಅಕ್ಕನನ್ನು ಆಸ್ಪತ್ರೆಗೆ ಸಾಗಿಸಿದರು. ಕೈಗೆ ಸುತ್ತಲು ಬಟ್ಟೆಗೇನೂ ಬರವಿರಲಿಲ್ಲ. ಜೊತೆಗೆ ಹತ್ತಲು ಹೋದ ನನ್ನನ್ನು ಅವಳೇ ತಡೆದಳು: "ಇಬ್ಬರ ಕೆಲಸಾನೂ ಹೋದ್ರೆ ಮನೇಲಿ ಏನೋ ತಿನ್ನೋದು? ನಿಂತ್ಕೋ."

ನಾನು ತಳ್ಳಿದಾಗ ದಾರ ಹರಿದು ನೆಲಕ್ಕೆ ಬಿದ್ದಿದ್ದ ಕೀಯನ್ನು ಕಸ ಗುಡಿಸುವ ಅಜ್ಜಿ ಎತ್ತಿ ತಿರುಗಿಸಿ ನೋಡಿದಳು. "ಇಂಥದ್ದು ನಮ್ಮನೇಲೂ ಐತಲ್ಲೋ. ಟ್ರಂಕಿಂದು."

ಮೇಸ್ತ್ರಿ ಕೈ ಚಾಚಿದ. ಅಜ್ಜಿ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಶುರು ಮಾಡ್ರಪ್ಪಾ," ಎಂದ. ಅವನ ಬಾಯಲ್ಲಿ 'ಅಪ್ಪಾ' ಕೇಳಿದ್ದು ಅದೇ ಮೊದಲು. "ಮಿಷನ್ ನಿಂತದ್ದು ಮೇಲೆ ಗೊತ್ತಾದ್ರೆ ನನ್ನೂ ಗೇಟಿಂದಾಚೆ ಹಾಕ್ತಾರೆ."

"ಪಟ್ಟಿ ಹಾಕ್ಸೋ, ಮುಂಡೇಮಗನೆ," ಎಂದಳು ಅಜ್ಜಿ. "ಶುರುವಂತೆ ಶುರು!"

ಅವನು ಹಸಿರು ಗುಂಡಿ ಒತ್ತಿದ. ಉರುಳೆ ತಿರುಗಿತು. ಅದರ ಮೇಲಿನ ಕಲೆ ಒಂದು ಸುತ್ತು ಬಂದು ಮತ್ತೆ ಎದುರಾಯಿತು.

ನಾನು ಕೆಂಪು ಒತ್ತಿದೆ.

ಮತ್ತೆ ಹಸಿರು. ಮತ್ತೆ ಕೆಂಪು. ಮೂರನೆಯ ಸಲ ಅವನ ಕೈ ಮೇಲೇಳಲಿಲ್ಲ. ಮಡಚುವವರು, ಹಿಂಡುವವರು ಒಬ್ಬೊಬ್ಬರಾಗಿ ಬಂದು ಕಂಬದ ಸುತ್ತ ನಿಂತರು. ಆ ಕೋಣೆ ಅಷ್ಟು ಸುಮ್ಮನಿದ್ದದ್ದನ್ನು ನಾವು ಕೇಳಿಯೇ ಇರಲಿಲ್ಲ.

ಅದು ಮೇಲೆಯೂ ಕೇಳಿಸಿರಬೇಕು. ಮಾಳಿಗೆಯ ಬಾಗಿಲು ತೆರೆಯಿತು. ಮೆಟ್ಟಿಲ ಮೇಲೆ ಬೂಟುಗಳು. ಒಂದು ಜೊತೆಯಲ್ಲ, ಹಲವು. ಮೇಸ್ತ್ರಿಯ ಕೈ ಖಾಲಿ ಕೊರಳನ್ನು ತಡಕಾಡಿತು.

ನಾನು ಗುಂಡಿಯ ಮೇಲಿನ ಕೈ ತೆಗೆಯಲಿಲ್ಲ.