ಬೆರಳು ಆಡಿದಷ್ಟಕ್ಕೇ ಕೂಲಿ

ಲಾಂಡ್ರಿ ಮಾವ ಕರೆ ಕಳಿಸಿದಾಗ ಚೂಟಿಗೆ ಹೋಗುವ ಮನಸ್ಸೇ ಇರಲಿಲ್ಲ. ಚೂಟಿ ಎಂಬುದು ಮನೆಯವರು ಇಟ್ಟ ಹೆಸರು; ಮೂವತ್ತು ದಾಟಿದರೂ ಬಿಟ್ಟುಹೋಗಿರಲಿಲ್ಲ. ಕಂಪನಿಯ ನೌಕರಿಗೆ ರಾಜೀನಾಮೆ ಕೊಟ್ಟು, ಮನೆಯ ಹಿಂಬದಿಯ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ಕೇಳಿದವರಿಗೆ ಗಂಟೆ ಲೆಕ್ಕದಲ್ಲಿ ಸಾಫ್ಟ್‌ವೇರ್ ಬರೆದುಕೊಡುವುದು ಅವಳ ಕಸುಬು. ಮಾವ ಅಂದರೆ ಅಮ್ಮನ ಅಣ್ಣ. ಮೂರು ಲಾಂಡ್ರಿ ಅಂಗಡಿಗಳ ಯಜಮಾನ, ನಾಲ್ಕನೆಯದಕ್ಕೆ ಜಾಗ ಹುಡುಕುತ್ತಿದ್ದವನು. ಅವನ ಕಿಸೆಗೆ ದುಡ್ಡು ಸರಾಗವಾಗಿ ಇಳಿಯುತ್ತಿತ್ತು. ಮೇಲೆ ಬರುವಾಗ ಮಾತ್ರ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತಿತ್ತು.

“ಹೋಗ್ಬಾರೇ, ನಿನ್ನ ಸೋದರಮಾವ ಅಲ್ವಾ,” ಎಂದಳು ಅಮ್ಮ. “ಹೊರಗಿನವರ ಹತ್ರ ತೋರಿಸೋ ಬಿಗುಮಾನ ಅವನ ಹತ್ರ ತೋರಿಸ್ಬೇಡ.”

ದೊಡ್ಡ ಅಂಗಡಿಯ ಹಿಂದೆ, ಇಸ್ತ್ರಿಯ ಹಬೆ ಬಂದು ಗಾಜು ಮಸುಕಾಗುವ ಒಂದು ಗೂಡೇ ಮಾವನ ಆಫೀಸು. ಅಲ್ಲಿಗೆ ಹೋಗಬೇಕಾದರೆ ಪ್ಲಾಸ್ಟಿಕ್ ಹೊದ್ದು ನೇತಾಡುವ ಕೋಟುಗಳ ಸಾಲನ್ನು ತಲೆತಗ್ಗಿಸಿ ದಾಟಬೇಕು. ಮಾವನಿಗೆ ತಿರುಗುವ ಕುರ್ಚಿ, ಬಂದವರಿಗೆ ಸ್ಟೂಲು. ಯಾರು ಮೇಲೆ, ಯಾರು ಕೆಳಗೆ ಅನ್ನುವುದು ಬಾಯಿ ತೆರೆಯುವ ಮೊದಲೇ ತೀರ್ಮಾನವಾಗಿರುತ್ತಿತ್ತು.

“ಸಣ್ಣ ಕೆಲಸ ಕಣೇ. ಗಿರಾಕಿ ಫೋನಲ್ಲಿ ಒತ್ತಿದ್ರೆ ನಮ್ಮವನು ಹೋಗಿ ಬಟ್ಟೆ ತರ್ಬೇಕು. ಬಟ್ಟೆ ಎಲ್ಲಿದೆ ಅಂತ ಅವರಿಗೆ ಕಾಣ್ಬೇಕು. ದುಡ್ಡೂ ಫೋನಲ್ಲೇ. ಎರಡು ಬಟನ್ನು, ಅಷ್ಟೇ.”

ಒಂದೇ ಮನೆಯ ಬಟ್ಟೆ ಎರಡು ಅಂಗಡಿಗೆ ಹೋದರೆ ಬಿಲ್ಲು ಹೇಗೆ? ಸೀರೆ ಸುಟ್ಟರೆ ದುಡ್ಡು ವಾಪಸ್ಸು ಹೇಗೆ? ಚೂಟಿ ಒಂದೊಂದಾಗಿ ಕೇಳಿದಳು. ಮಾವ ಪ್ರತಿಯೊಂದಕ್ಕೂ “ಅದೆಲ್ಲ ನೀನೇ ನೋಡ್ಕೋ” ಎಂದು ಕೈ ಬೀಸಿದ. ಕೊನೆಗೆ ಅವಳು ತನ್ನ ರೇಟು ಹೇಳಿದಳು. ಬಸ್ಸಿನಲ್ಲಿ ಬರುವಾಗಲೇ, ನಮ್ಮವರಲ್ಲವೇ ಎಂದು ಅದನ್ನು ಕಾಲುಭಾಗ ಇಳಿಸಿಬಿಟ್ಟಿದ್ದಳು. ಇಳಿಸಿದ್ದಕ್ಕೆ ತನ್ನನ್ನೇ ಬೈದುಕೊಂಡೂ ಇದ್ದಳು.

“ಗಂಟೆಗಾ?” ಮಾವನ ಹುಬ್ಬು ಹಣೆಯ ಮೇಲೇರಿತು. “ನೀನೇನು ಟ್ಯಾಕ್ಸಿನಾ, ಮೀಟರ್ ಹಾಕ್ಕೊಂಡು ಕೂರೋಕೆ?”

ತನ್ನ ಜೋಕಿಗೆ ತಾನೇ ನಕ್ಕು, ಮೂಲೆಯಲ್ಲಿ ಲೆಕ್ಕ ಬರೆಯುತ್ತಿದ್ದ ಕ್ಯಾಷಿಯರನ ಕಡೆ ನೋಡಿದ. ಸಂಬಳ ಇನ್ನೂ ಕೈಸೇರದ ಕ್ಯಾಷಿಯರ್ ಸ್ವಲ್ಪ ಹೆಚ್ಚಾಗಿಯೇ ನಕ್ಕ.

“ಹೂಂ ಮಾವ, ಟ್ಯಾಕ್ಸಿನೇ. ಸಿಗ್ನಲ್ಲಲ್ಲಿ ನಿಂತ್ರೂ ಮೀಟರ್ ಓಡುತ್ತೆ.”

ಅಷ್ಟರಲ್ಲಿ ಟೀ ಹಿಡಿದು ಬಂದ ಅತ್ತೆ ತನ್ನದೂ ಒಂದು ಪಾಲು ಸೇರಿಸಿದಳು. “ಮನೇಲೇ ಕೂತು ಮಾಡೋದಲ್ವಾ ಚೂಟಿ? ಬಸ್ ಚಾರ್ಜಿಲ್ಲ, ಒಳ್ಳೆ ಬಟ್ಟೆ ಹಾಕ್ಕೋಬೇಕಿಲ್ಲ. ಕಮ್ಮಿ ಮಾಡ್ಕೋಬಹುದಪ್ಪ.”

ಮಾವ ಮುಂದಕ್ಕೆ ಬಾಗಿದ. ವ್ಯಾಪಾರದಲ್ಲಿ ನುರಿತವನಿಗೆ ಬರುವ ಒಂದು ಕಳೆ ಮುಖದ ಮೇಲೆ ಬಂದಿತ್ತು.

“ಒಂದ್ ಕೆಲಸ ಮಾಡೋಣ. ನಿನ್ನ ರೇಟೇ ಕೊಡ್ತೀನಿ. ಆದ್ರೆ ಬೆರಳು ಆಡಿದಷ್ಟು ಹೊತ್ತಿಗೆ ಮಾತ್ರ. ನೀನು ಗೋಡೆ ನೋಡ್ಕೊಂಡು ಕೂತಿದ್ದಕ್ಕೆಲ್ಲ ಕೊಡಕ್ಕಾಗಲ್ಲ. ಇಲ್ಲೇ ಬಂದು ಟೈಪ್ ಮಾಡು, ನಮ್ಮ ಕ್ಯಾಷಿಯರ್ ಬರ್ಕೋತಾನೆ.”

“ಗೋಡೆ ನೋಡೋವಾಗ್ಲೇ ಮಾವ ಕೆಲಸ ಆಗೋದು. ಟೈಪ್ ಮಾಡೋದು ಆಮೇಲೆ.”

“ಯೋಚನೆ ಮಾಡೋದಕ್ಕೂ ದುಡ್ಡಾ? ಹಾಗಾದ್ರೆ ನನಗೆ ಎಷ್ಟು ಬರ್ಬೇಕು!”

ಅವಳು ಉತ್ತರಿಸುವ ಮೊದಲೇ ಹೊರಗೆ ಕೌಂಟರಿನಲ್ಲಿ ಗಲಾಟೆ ಎದ್ದಿತು. ಗಿರಾಕಿಯೊಬ್ಬ ಕೋಟನ್ನು ಎತ್ತಿ ಹಿಡಿದು ಕೂಗಾಡುತ್ತಿದ್ದ. “ತೊಳೆದಿದ್ದು ಮೆಷಿನ್ನು, ನೀವು ಮಾಡಿದ್ದು ಬರೀ ಇಸ್ತ್ರಿ. ಅದಕ್ಕೆ ಇಷ್ಟೊಂದಾ?”

ಮಾವ ಕುರ್ಚಿಯಿಂದ ಚಂಗನೆ ಎದ್ದು ಹೊರಗೆ ನುಗ್ಗಿದ.

“ಸ್ವಾಮೀ, ಬಟ್ಟೆ ಮುಟ್ಟೋ ಮುಂಚೆ ನೋಡ್ಬೇಕು! ಯಾವ ನೂಲು, ಬಣ್ಣ ಬಿಡುತ್ತೋ ಇಲ್ವೋ, ಕಲೆ ಎಣ್ಣೇದೋ ಶಾಯೀದೋ. ಅದಕ್ಕೆ ತಲೆ ಬೇಡ್ವಾ? ಕೈಗಷ್ಟೇ ಕೂಲಿ, ತಲೆಗಿಲ್ವಾ?”

ಗಿರಾಕಿ ಗೊಣಗುತ್ತಲೇ ಬಿಲ್ಲು ಕಟ್ಟಿ ಹೋದ. ಮಾವ ಕೆಂಪೇರಿದ ಮುಖದೊಂದಿಗೆ ಒಳಗೆ ಬಂದು ಕುರ್ಚಿಗೆ ಒರಗಿದ.

“ನೋಡಿದ್ಯಾ ಚೂಟಿ? ಜನಕ್ಕೆ ಕೆಲಸದ ಬೆಲೆನೇ ಗೊತ್ತಿಲ್ಲ. ಹಾಂ, ಎಲ್ಲಿದ್ವಿ? ಬೆರಳು.”

ಚೂಟಿ ಅವನ ಮುಖವನ್ನೇ ನೋಡಿದಳು. ತುಟಿಯ ಅಂಚಿನಲ್ಲಿ ಒಂದು ನಗೆ, ಕಣ್ಣಿನಲ್ಲಿ ಒಂದಿಷ್ಟು ನಾಚಿಕೆ, ಏನಾದರೂ ಇದ್ದೀತೇ ಎಂದು ಹುಡುಕಿದಳು. ಊಹೂಂ. ಆಗಷ್ಟೇ ಗಂಟಲು ಹರಿದುಕೊಂಡು ಹೇಳಿದ ಮಾತು ಅವನ ಕಿವಿಗೇ ಬಿದ್ದಿರಲಿಲ್ಲ. ಕ್ಯಾಷಿಯರನ ಕಿವಿಗೆ ಮಾತ್ರ ಬಿದ್ದಿತ್ತು; ಅವನು ತಲೆ ತಗ್ಗಿಸಿ ರಶೀದಿ ಜೋಡಿಸುವ ನಾಟಕ ಮಾಡುತ್ತಿದ್ದ. ಇಂಥವನ ಜೊತೆ ವಾದ ಮಾಡಲು ತಾನು ಬಸ್ಸು ಹತ್ತಿ ಬಂದೆನಲ್ಲ ಎಂದು ಅವಳಿಗೆ ಹೇಸಿಗೆಯಾಯಿತು.

“ಮಾವ, ಮೊದಲು ಹೇಳಿದ್ದು ನಿಮಗೆ ಅಂತ ಇಳಿಸಿದ ರೇಟು. ಈಗ ಪೂರ್ತಿ ರೇಟು. ಯೋಚನೆಯೂ ಸೇರಿ. ಅರ್ಧ ಮುಂಗಡ.”

“ಸಂಬಂಧ ಅಂತ ಒಂದು ಇದೆ ಕಣೇ!”

“ಇದೆ ಮಾವ. ಅದಕ್ಕೇ ಇಷ್ಟು ಹೊತ್ತು ಇಲ್ಲಿ ಕೂತಿದ್ದಕ್ಕೆ ಬಿಲ್ ಹಾಕ್ತಿಲ್ಲ.”

ಟೀ ಮುಟ್ಟದೆ ಎದ್ದು ಬಂದಳು. ಸುದ್ದಿ ಅವಳಿಗಿಂತ ಮೊದಲೇ ಮನೆ ತಲುಪಿತ್ತು. ಅಮ್ಮ ಎರಡು ದಿನ ಮುಖ ತಿರುಗಿಸಿಕೊಂಡು ಓಡಾಡಿದಳು.

ಕೆಲವು ತಿಂಗಳ ಬಳಿಕ ನಾಲ್ಕನೆಯ ಅಂಗಡಿ ತೆರೆಯಿತು. ತಾಯಿ ಮಗಳಿಬ್ಬರೂ ಹೋದರು. ಮಾವ ಬಂದವರ ಮೂಗಿನ ಕೆಳಗೆಲ್ಲ ತನ್ನ ಫೋನು ಹಿಡಿಯುತ್ತಿದ್ದ. ಆ್ಯಪ್ ಬಂದಿತ್ತು. ಟೈ ಕಟ್ಟಿಕೊಂಡ ಇಬ್ಬರು ಬಂದು ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ ಹಾಕಿ ತೋರಿಸಿ, ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋಗಿದ್ದರಂತೆ. ಅವರದ್ದೂ ಗಂಟೆ ಲೆಕ್ಕವೇ. ಮೀಟಿಂಗಿಗೆ ಬೇರೆ, ‘ಅಧ್ಯಯನ’ಕ್ಕೆ ಬೇರೆ.

“ಎಷ್ಟು ಕೊಟ್ಟೆ ಗೊತ್ತಾ ಗಂಟೆಗೆ?” ಎಂದು ಮಾವ ಎದೆಯುಬ್ಬಿಸಿ ಒಂದು ಅಂಕಿ ಹೇಳಿದ. ಚೂಟಿ ಕೇಳಿದ್ದ ಪೂರ್ತಿ ರೇಟಿನ ಮೂರರಷ್ಟು. “ದೊಡ್ಡ ಕಂಪನಿ ಅಂದ್ರೆ ಹಾಗೇ. ಅಗ್ಗಕ್ಕೆ ಬರೋರನ್ನ ನಂಬಕ್ಕಾಗಲ್ಲ ನೋಡು.”

ಮೂಲೆಯಲ್ಲಿ ನಿಂತು ಚೂಟಿ ಆ್ಯಪನ್ನು ಒತ್ತಿ ಒತ್ತಿ ನೋಡಿದಳು. ಕೆಟ್ಟಿರಲಿ ಎಂಬ ಆಸೆ ಅವಳಿಗೆ ಖಂಡಿತ ಇತ್ತು. ಬಣ್ಣ ಕಣ್ಣಿಗೆ ಚುಚ್ಚುತ್ತಿತ್ತೇ ಹೊರತು ಎಲ್ಲ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಆ ಸಮಾಧಾನವೂ ಸಿಗಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಮ್ಮ ಚೂಟಿಯ ಕಡೆ ತಿರುಗಿದಳು.

“ಮೂರರಷ್ಟಾ?”

“ಹೂಂ.”

“ಅಯೋಗ್ಯ,” ಎಂದಳು ಅಮ್ಮ. ಒಡಹುಟ್ಟಿದ ಅಣ್ಣನ ಬಗ್ಗೆ ಅವಳ ಬಾಯಲ್ಲಿ ಅಂಥ ಮಾತು ಬಂದದ್ದು ಅದೇ ಮೊದಲು.

ಮುಂದಿನ ವಾರ ರೋಗಿಗಳ ಮಂಚ, ಗಾಲಿಕುರ್ಚಿ ಬಾಡಿಗೆಗೆ ಕೊಡುವ ವ್ಯಾಪಾರಿಯೊಬ್ಬಳು ಚೂಟಿಗೆ ಫೋನು ಮಾಡಿದಳು. ಕೆಲಸದ ವಿವರ ಕೇಳಿಯಾದ ಮೇಲೆ ರೇಟಿನ ಮಾತು ಬಂತು. ಚೂಟಿ, ಮಾವ ಆ ಕಂಪನಿಗೆ ಕೊಟ್ಟ ಅಂಕಿಯನ್ನೇ ಹೇಳಿದಳು.

“ಆಯ್ತು ಮೇಡಂ. ಸೋಮವಾರದಿಂದ ಶುರು ಮಾಡ್ತೀರಾ?”

ಫೋನು ಇಟ್ಟ ಮೇಲೆ ಖುಷಿಯಾಗಬೇಕಿತ್ತು. ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಎದುರಿನವರು ಬಾಯಿ ತೆರೆಯುವ ಮೊದಲೇ ತನ್ನ ಜೊತೆ ತಾನೇ ಚೌಕಾಸಿ ಮಾಡಿ, ತಾನೇ ಸೋತು, ಸೋತ ರೇಟನ್ನು ಅವರ ಮುಂದಿಡುತ್ತಿದ್ದವಳು ಅವಳೇ. ಮಾವನಾದರೂ ಪರರ ದುಡಿಮೆಯನ್ನು ಹೀಗಳೆಯುತ್ತಿದ್ದ. ತಾನು?

“ಯಾರೇ ಫೋನಲ್ಲಿ?” ಅಮ್ಮ ಅಡುಗೆಮನೆಯಿಂದ ಕೇಳಿದಳು.

“ಹೊಸ ಕೆಲಸ.”

“ಏನಂದ್ರು, ಕಮ್ಮಿ ಮಾಡು ಅಂದ್ರಾ?”

“ಇಲ್ಲಮ್ಮ,” ಎಂದಳು ಚೂಟಿ. “ಇನ್ನೂ ಜಾಸ್ತಿ ಕೇಳ್ಬೇಕಿತ್ತು.”