ಎಲ್ಲರೂ ಛಲೋ ಐತಿ ಅಂದ ಚೀಲ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೋ ಗೊತ್ತಿಲ್ಲ. ಗೊತ್ತಿದ್ದರೆ ಇಷ್ಟು ಹೊತ್ತಿಗೆ ಅರ್ಧ ಮುಗಿದಿರುತ್ತಿತ್ತು. ‘ಕುಷ್ಟಗಿಯ ದಾಳಿಂಬೆ ತೋಟದ ಮೇಲೆ ಸೂರ್ಯ ಏರುತ್ತಿದ್ದ’ ಎಂದು ಬರೆದೆ, ಹೊಡೆದು ಹಾಕಿದೆ. ಸೂರ್ಯ ಏರಲಿ ಬಿಡಲಿ, ನಿಮಗೇನು? ‘ವಿನ್ಯಾಸವೆಂದರೇನು?’ ಎಂದು ಬರೆದೆ. ಅದು ಪರೀಕ್ಷೆಯ ಪ್ರಶ್ನೆಯಂತಾಯಿತು. ಕೊನೆಗೆ ಜರೀನಾಳೇ ಬಂದು ನಿಂತಳು.

"ನನ್ನಿಂದ ಶುರು ಮಾಡ್ರಿ ಕಾಕಾ. ಸೋಮವಾರ ನನ್ನ ವೈವಾ ಪರೀಕ್ಷಾ ಐತಿ. ನಿಮಗ ಪುರುಸೊತ್ತಿದ್ರೂ ನನಗಿಲ್ಲ."

ಸರಿ. ಜರೀನಾ, ಗಂಗಾವತಿಯ ಟೇಲರ್ ಮಕ್ಬುಲಸಾಬರ ಮಗಳು. ಕೊಪ್ಪಳ ಜಿಲ್ಲೆಯಾದ ಮೇಲೆ ಹುಟ್ಟಿದವಳು. ಈಗ ಕೊಪ್ಪಳದ ಕಲಾ ಕಾಲೇಜಿನಲ್ಲಿ ಕೊನೆಯ ವರ್ಷ. (ಕಾಲೇಜನ್ನು ನಾನೇ ಕಟ್ಟಿಸಿದ್ದು, ಹುಡುಕಿಕೊಂಡು ಹೋಗಬೇಡಿ. ಕ್ಯಾಂಟೀನು ಬರೆಯಲು ಮರೆತಿದ್ದೇನೆ, ಅಲ್ಲಿ ಚಹಾ ಕೂಡ ಸಿಗುವುದಿಲ್ಲ.) ಡಿಸೈನ್ ಥಿಯರಿ, ರಿಸರ್ಚ್, ಉದ್ಯಮಶೀಲತೆ ಎಂದು ಮೂರು ಪೇಪರು. ಮೊದಲನೆಯದರಲ್ಲಿ ವಸ್ತು ಹೇಗಿರಬೇಕೆಂದು ಓದುತ್ತಾರೆ, ಎರಡನೆಯದರಲ್ಲಿ ಬಳಸುವವರನ್ನು ಕೇಳುತ್ತಾರೆ, ಮೂರನೆಯದರಲ್ಲಿ ಮಾರುತ್ತಾರೆ.

ಜರೀನಾ ದಾಳಿಂಬೆ ಕೀಳುವ ಹೆಂಗಸರಿಗಾಗಿ ಹೊಟ್ಟೆಯ ಮುಂದೆ ಕಟ್ಟಿಕೊಳ್ಳುವ ಚೀಲ ಹೊಲಿದಳು. ಪಾಸಾದರೆ ಅರ್ಧ ಅಂಗಡಿ ನಿನ್ನದೇ ಎಂದು ಅಪ್ಪ ಮಾತು ಕೊಟ್ಟಿದ್ದಾರೆ. ಆ ಅರ್ಧದಲ್ಲಿ ಮೆಷಿನ್ ಎಲ್ಲಿ, ಬೋರ್ಡು ಎಲ್ಲಿ ಎಂದು ಅವಳು ಆಗಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದಾಳೆ.

೨

ಗೋವಿಂದರಾಜ ಮೇಷ್ಟ್ರು ಅವಳ ರಿಸರ್ಚ್ ರಿಪೋರ್ಟ್ ಓದಿ ಕನ್ನಡಕ ತೆಗೆದಿಟ್ಟರು.

"ಏನವಾ ಇದು? ಯಾರ್ನ ಕೇಳಿದ್ರೂ ‘ಛಲೋ ಐತಿ’. ಇದು ರಿಸರ್ಚ್ ಅಲ್ಲ, ಬೀಗರ ಉಪಚಾರ. ಒಬ್ಬರ ಬಾಯಿಂದರ ಒಂದು ತಪ್ಪು ಹೇಳಿಸಿಕೊಂಡು ಬಾ. ಇಲ್ಲಂದ್ರ ಮುಂದಿನ ವರ್ಷ ಮತ್ತ ಇದ ಪೇಪರು."

ಮೇಷ್ಟ್ರು ಹೇಳಿದ್ದು ನಿಜ. ಮನೆಗೆ ಬಂದ ಹುಡುಗಿ, ಜೊತೆಗೆ ಕೂತು ಚಹಾ ಕುಡಿದವಳು, ತಾನೇ ಹೊಲಿದದ್ದನ್ನು ತೋರಿಸಿ ಹೇಗಿದೆ ಎಂದರೆ ನಮ್ಮ ಕಡೆ ಯಾರಾದರೂ ಚೆನ್ನಾಗಿಲ್ಲ ಎನ್ನುತ್ತಾರೆಯೇ? ಕುಷ್ಟಗಿ ಹತ್ತಿರದ ತೋಟದ ಹುಲಗೆಮ್ಮನಂತೂ ಚೀಲವನ್ನು ಕಣ್ಣಿಗೊತ್ತಿಕೊಂಡು ಟ್ರಂಕಿನಲ್ಲಿಟ್ಟಿದ್ದಳು. "ಇಷ್ಟು ಛಲೋದನ್ನ ಹೊಲಕ್ಕ ಯಾಕ ಒಯ್ಲಿ?" ಹಣ್ಣನ್ನು ಈಗಲೂ ಸೆರಗಿನಲ್ಲೇ ತುಂಬುತ್ತಾಳೆ.

(ನನ್ನ ಕಥೆಗಳ ಗತಿಯೂ ಅದೇ. "ಭಾಳ ಛಲೋ ಬರದೀರಿ" ಎಂದು ಚಹಾ ಕೊಡುತ್ತಾರೆ. ಪುಸ್ತಕ ಎಲ್ಲಿದೆ ಎಂದು ನಾನು ಕೇಳುವುದಿಲ್ಲ.)

೩ (ಹೊಡೆದು ಹಾಕಿದ್ದು)

ನಾನೊಂದು ಉಪಾಯ ಹೇಳಿಕೊಟ್ಟೆ. ಇನ್ನೊಂದು ಚೀಲ ಒಯ್ದು, ಇದು ನನ್ನದಲ್ಲ, ಯಾವುದೋ ದೂರದ ಕಂಪನಿಯದು ಎಂದುಬಿಡು, ಬಯ್ಯಲು ಸಲೀಸು. ಜರೀನಾ ತೋಟಕ್ಕೆ ಹೋಗಿ ಹಾಗೆಯೇ ಹೇಳಿದಳು.

"ಕಂಪನಿಯವರಾದ್ರೇನವಾ," ಎಂದಳು ಹುಲಗೆಮ್ಮ, "ಪಾಪ, ಅವರೂ ಕಷ್ಟಪಟ್ಟು ಹೊಲದಿರ್ತಾರ. ಛಲೋ ಐತಿ ಅಂತ ಹೇಳು."

ಬರೆದು ನಾನೊಬ್ಬನೇ ನಕ್ಕೆ. ಜರೀನಾ ನಗಲಿಲ್ಲ.

"ನಿಮಗ ಚಾಷ್ಟಿ ಕಾಕಾ. ನನಗ ಒಂದು ವರ್ಷ ಹೋಗ್ತೈತಿ."

ಅವಳ ಕಣ್ಣು ತುಂಬಿತ್ತು. ಪುಟ ಹರಿದು ಹಾಕಿದೆ.

೩ (ಮತ್ತೆ)

ಈ ಸಲದ ಉಪಾಯ ಅವಳದೇ. ಇನ್ನು ಏನನ್ನೂ ಕೇಳುವುದಿಲ್ಲ ಎಂದಳು. ಬೆಳಗಿನ ಬಸ್ಸಿಗೆ ತೋಟಕ್ಕೆ ಹೋಗಿ, ತಾನೇ ಒಂದು ಚೀಲ ಕಟ್ಟಿಕೊಂಡು ಹಣ್ಣು ಕೀಳಲು ನಿಂತಳು. ಹುಡುಗಿ ಕಟ್ಟಿಕೊಂಡಾಗ ತಾನು ಕಟ್ಟಿಕೊಳ್ಳದಿದ್ದರೆ ಹೇಗೆ ಎಂದು ಹುಲಗೆಮ್ಮ ದಾಕ್ಷಿಣ್ಯಕ್ಕೆ ಮನೆಗೆ ಹೋಗಿ ಟ್ರಂಕು ತೆರೆದಳು. ಜರೀನಾ ಅವಳ ಬೆನ್ನ ಹಿಂದೆ ಗಂಟು ಹಾಕಿಕೊಟ್ಟಳು. (ನಾನು ಬದುವಿನ ಮೇಲೆ ಕೂತಿದ್ದೆ. ಲೇಖಕರಿಗೆ ಯಾರೂ ಕೆಲಸ ಹಚ್ಚುವುದಿಲ್ಲ.)

ಮಧ್ಯಾಹ್ನ ಜರೀನಾ ನೀರು ತರಲು ಹೋದಳು. ಹುಲಗೆಮ್ಮನಿಗೆ ಹಸಿವಾಯಿತು. ಉಣ್ಣಬೇಕಾದರೆ ಕೂರಬೇಕು, ಕೂರಬೇಕಾದರೆ ಚೀಲ ಬಿಚ್ಚಬೇಕು, ಗಂಟು ಕೈಗೆ ಸಿಗುತ್ತಿಲ್ಲ. ಹತ್ತಿರ ಇದ್ದವಳು ಮಾರೆವ್ವ ಒಬ್ಬಳೇ, ಮೈದುನನ ಹೆಂಡತಿ. ಯಾವುದೋ ಮದುವೆಯ ಪಂಕ್ತಿಯಲ್ಲಿ ಮೊದಲು ಯಾರಿಗೆ ಬಡಿಸಿದರು ಎಂಬುದರ ಮೇಲೆ ಜಗಳವಾಗಿ, ಇಬ್ಬರಿಗೂ ಎರಡು ವರ್ಷದಿಂದ ಮಾತಿಲ್ಲ. ತೋಟ ಒಂದೇ, ಬಾವಿ ಒಂದೇ.

ಜರೀನಾ ಕೊಡ ಹೊತ್ತು ಬಂದಾಗ ಹುಲಗೆಮ್ಮ ಸಿಡಿಯುತ್ತಿದ್ದಳು.

"ಎಂಥಾ ಚೀಲ ಹೊಲದಿಯವಾ ನೀನು! ಗಂಟು ಬೆನ್ನಿಗೆ ಇಡೂದಾ? ಬುದ್ಧಿ ಐತೇನು ನಿನಗ? ನಿನ್ನ ಸಂಬಂಧ ಆಕಿ ಕೂಡ ಮಾತಾಡಬೇಕಾತು! ‘ಬಿಚ್ಚು ಬಾ’ ಅಂತ ನಾನ ಮೊದಲ ಬಾಯಿ ತಗದೆ, ನಾನ!"

ಜರೀನಾ ಕೊಡ ಇಳಿಸಿ ಅವಳನ್ನು ತಬ್ಬಿಕೊಂಡಳು. ಹುಲಗೆಮ್ಮನ ಸಿಟ್ಟು ಇನ್ನೂ ಏರಿತು. ನನಗೆ ಮಾತ್ರ, ಸುಳ್ಳೇಕೆ ಹೇಳಲಿ, ಹಬ್ಬದ ಊಟ ಉಂಡಷ್ಟು ಖುಷಿಯಾಯಿತು.

ಫೋನಿನಲ್ಲಿ ಮೇಷ್ಟ್ರೂ ನಕ್ಕರು. "ತಪ್ಪು ಸಿಕ್ತಲ್ಲ. ಇನ್ನ ತಿದ್ದಿ ಹೊಲಿ, ಆಕಿ ಕೈಯಾಗ ಕೊಟ್ಟು ಏನಂತಾಳ ಬರಕೊಂಡು ಬಾ. ಪಾಸು."

೪

ಇಲ್ಲಿ ಎರಡು ಅಂತ್ಯಗಳಿವೆ, ಬೇಕಾದದ್ದು ಆರಿಸಿಕೊಳ್ಳಿ.

(ಅ) ಗಂಟು ಮುಂದಕ್ಕೆ ಬರುತ್ತದೆ. ಹುಲಗೆಮ್ಮ ತಾನೇ ಬಿಚ್ಚಿಕೊಂಡು, ತಾನೇ ಕೂತು, ಒಬ್ಬಳೇ ಉಣ್ಣುತ್ತಾಳೆ.

(ಆ) ಗಂಟು ಬೆನ್ನಿಗೇ ಇರುತ್ತದೆ. ಮುರಿದ ಮಾತನ್ನು ಕೂಡಿಸಿದ ಚೀಲ ಎಂದು ಜರೀನಾ ವೈವಾದಲ್ಲಿ ವಾದಿಸುತ್ತಾಳೆ.

ನನಗೆ ಎರಡನೆಯದೇ ಇಷ್ಟ ಎಂದೆ.

"ನಿಮ್ಮ ಕಥಿ ಚಂದ ಆಗ್ಲಿ ಅಂತ ಆಕಿ ದಿನಾ ಹಸಗೊಂಡು ನಿಂದ್ರಬೇಕೇನ್ರಿ?" ಎಂದಳು ಜರೀನಾ. ಅವಳು ಅಪ್ಪನ ಅಂಗಡಿಯಲ್ಲಿ ಕೂತು, ಗಂಟು ಮುಂದಿರುವ ಚೀಲ ಹೊಲಿದು, ಭಾನುವಾರ ತೋಟಕ್ಕೆ ಹೊರಟಳು. ನಾನೂ ಹಿಂದೆ ಹೋದೆ.

ಹುಲಗೆಮ್ಮ ಹಳೆಯ ಚೀಲದಲ್ಲೇ ನಿಂತಿದ್ದಳು. ಮಾರೆವ್ವ ಹಿಂದಿನಿಂದ ಗಂಟು ಜಗ್ಗುತ್ತಿದ್ದಳು.

"ಯಾರ ಕಟ್ಯಾರ ಇಷ್ಟು ಬಿಗಿ?"

"ಮುಂಜಾನಿ ನೀನ ಕಟ್ಟಿದಿ."

"ನಾ ಇಷ್ಟು ಬಿಗಿ ಕಟ್ಟಂಗಿಲ್ಲ. ಆವತ್ತು ಪಂಕ್ತ್ಯಾಗೂ ನೀ ಹಿಂಗ ಸುಳ್ಳ ಹೇಳಿದಿ."

"ನಾ ಸುಳ್ಳ ಹೇಳಿದ್ನಾ? ಮೊದಲ ಬಡಿಸಿದ್ದು ಯಾರಿಗೆ, ಅದನ್ನ ಹೇಳು!"

ಅಲ್ಲಿಗೆ ಗಂಟು ಅರ್ಧಕ್ಕೆ ನಿಂತಿತು. ಮದುವೆಯ ಮನೆ, ಎಲೆ, ಬಡಿಸಿದವರು, ಅವರ ತವರುಮನೆಯವರು, ಎಲ್ಲ ಒಂದೊಂದಾಗಿ ಮಾತಿಗೆ ಬರತೊಡಗಿದವು. ಇಬ್ಬರೂ ಜಾಗ ಬಿಟ್ಟು ಕದಲಲಿಲ್ಲ.

"ಹೋಗಿ ಕೊಡವಾ," ಎಂದೆ ನಾನು. "ನಾಳೆ ನಿನ್ನ ವೈವಾ. ನನಗೂ ಕಥಿ ಮುಗಸಬೇಕು."

ಜರೀನಾ ಹೊಸ ಚೀಲವನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಗಿಡದ ನೆರಳಿಗೆ ಕೂತಳು.

"ತಡೀರಿ ಕಾಕಾ. ಎರಡು ವರ್ಷದ ಮಾತೈತಿ, ಮುಗೀಲಿ."

ನಾನೂ ಪಕ್ಕದಲ್ಲಿ ಕೂತೆ.